ಇನ್ನೂ ನೂರು ಅಡಿ

“ಯಜಮಾನ್ರೆ, ಇನ್ನೂ ನೂರು ಅಡಿ ಬಿಡೋಣ್ವಾ?”

ಚಿತ್ರದುರ್ಗ ಜಿಲ್ಲೆಯ ಹಿರಿಯೂರು, ಹೊಸದುರ್ಗದ ಕಡೆ ತೋಟ ಮಾಡಿದವರಲ್ಲಿ ಈ ಮಾತು ಕಿವಿಗೆ ಬೀಳದವರು ಕಡಿಮೆ. ಸಂಜೆಗೆ ಬಂದ ಬೋರ್ ಲಾರಿ ಹೊಲದ ಬದುವಿನಲ್ಲಿ ನಿಂತಿದೆ. ಕಂಪ್ರೆಸರ್ ಸದ್ದಿಗೆ ಪಕ್ಕದಲ್ಲಿ ನಿಂತವರ ಮಾತೂ ಕೇಳುತ್ತಿಲ್ಲ. ಕುಳಿಯ ಬಾಯಿಂದ ಎದ್ದ ಕಲ್ಲಿನ ಪುಡಿ ಅಡಿಕೆ ಗರಿಗಳ ಮೇಲೆಲ್ಲ ಬೂದಿಯಂತೆ ಕೂತಿದೆ. 20 ಅಡಿಯ ಒಂದೊಂದು ರಾಡ್ ಇಳಿದಾಗಲೂ ಮನೆಯವರು ಬೆರಳು ಮಡಿಸಿ ಎಣಿಸಿದ್ದಾರೆ. 400 ಆಯಿತು, 500 ಆಯಿತು, 600 ಆಯಿತು. ಒದ್ದೆ ಮಣ್ಣಿನ ವಾಸನೆಯೂ ಇಲ್ಲ. ಆಗ ಏಜೆಂಟ್ ಹತ್ತಿರ ಬಂದು, ಕಿವಿಯ ಬಳಿ ಬಾಗಿ ಕೇಳುತ್ತಾನೆ. ಸಾಕು ಎಂದರೆ ಇಷ್ಟು ಹೊತ್ತು ಸುರಿದ ದುಡ್ಡು ಮಣ್ಣುಪಾಲು. ಹೂಂ ಎಂದರೆ ಸಾಲದ ಪಟ್ಟಿಗೆ ಇನ್ನೊಂದು ಸಾಲು. ಯೋಚಿಸಲು ಸಿಗುವುದು ಒಂದು ನಿಮಿಷ, ಯಂತ್ರ ಕಾಯುವುದಿಲ್ಲ.

ಬಾವಿ ಕೊರೆಯುವ ಖರ್ಚನ್ನು ಇಳಿಸುವುದು ಹೇಗೆ ಎಂಬ ಪ್ರಶ್ನೆಯ ತಿರುಳು ಆ ಒಂದು ನಿಮಿಷದಲ್ಲಿದೆ. ಅಡಿಗೆ ಎಷ್ಟು ರೂಪಾಯಿ ಎಂದು ಚೌಕಾಸಿ ಮಾಡುವವರು ಬಹಳ. ಆದರೆ ಎಷ್ಟು ಅಡಿ ಕೊರೆಯಬೇಕು, ಎಲ್ಲಿ ನಿಲ್ಲಿಸಬೇಕು, ಕೊರೆಯಲೇಬೇಕೆ ಎಂಬುದಕ್ಕೆ ಉತ್ತರ ಕೊಡುವ ಮಾಹಿತಿ ಆ ಹೊತ್ತಿನಲ್ಲಿ ರೈತನ ಕೈಯಲ್ಲಿ ಇರುವುದಿಲ್ಲ.

ಬಾವಿಯ ಖರ್ಚಿನ ಬಗ್ಗೆ ಜಗತ್ತಿನಲ್ಲಿ ಎಲ್ಲರಿಗಿಂತ ಹೆಚ್ಚು ತಲೆ ಕೆಡಿಸಿಕೊಂಡವರು ತೈಲ ಕಂಪನಿಗಳವರು. ಚಿತ್ರದುರ್ಗದ ನೆಲದಲ್ಲಿ ತೈಲ ಸಿಗುವುದಿಲ್ಲ. ತೈಲ ಹುಟ್ಟುವುದು ಜೀವಿಗಳ ಅವಶೇಷ ಕೆಸರಿನೊಂದಿಗೆ ಪದರಪದರವಾಗಿ ಹೂತುಹೋದ ಕಣಶಿಲೆಗಳಲ್ಲಿ. ಇಲ್ಲಿಯದು 250 ಕೋಟಿ ವರ್ಷಕ್ಕೂ ಹಳೆಯ ಗಟ್ಟಿ ಕಲ್ಲು. ಐಮಂಗಲದ ಬಳಿಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದಂತೆ ಕಾಣುವ ಬಂಡೆಗಳಿವೆ. ಪ್ರಾಚೀನ ಕಡಲಿನ ತಳದಲ್ಲಿ ಉಕ್ಕಿದ ಲಾವಾ ನೀರು ತಾಕಿ ಹಾಗೆ ಹೆಪ್ಪುಗಟ್ಟಿತು. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿ ಕಾಪಾಡಲಾಗಿದೆ. ಇಂಥ ನೆಲದಲ್ಲಿ ಹುಡುಕಬೇಕಾದ ದ್ರವ ನೀರೊಂದೇ. ಆದರೂ ಹೊಳಲ್ಕೆರೆಯ ತೋಟದಲ್ಲಿ ನಿಂತ ಬೋರ್ ಲಾರಿಗೂ ತೈಲಬಾವಿಗೂ ನೆಂಟಸ್ತಿಕೆ ಇದೆ.

1859ರ ಆಗಸ್ಟ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್ ಎಂಬ ಊರಿನಲ್ಲಿ ಎಡ್ವಿನ್ ಡ್ರೇಕ್ ಸುಮಾರು 70 ಅಡಿಯಲ್ಲಿ ತೈಲ ಕಂಡ. ಅವನು ಕೊರೆಯುತ್ತಿದ್ದ ಕುಳಿ ಮೇಲ್ಮಣ್ಣು ಕುಸಿದು ಮತ್ತೆ ಮತ್ತೆ ಮುಚ್ಚಿಹೋಗುತ್ತಿತ್ತು. ಕೊನೆಗೆ ಅವನು ಕಬ್ಬಿಣದ ಪೈಪನ್ನು ಬಂಡೆ ಸಿಗುವವರೆಗೂ ಬಡಿದು ಇಳಿಸಿ, ಅದರೊಳಗಿಂದ ಕೊರೆದ. ನಮ್ಮ ರೈತ ಇವತ್ತು ಅಡಿ ಲೆಕ್ಕದಲ್ಲಿ ದುಡ್ಡು ಕೊಟ್ಟು ಹಾಕಿಸುವ ಕೇಸಿಂಗ್ ಪೈಪ್ ಅದರ ವಂಶದ್ದೇ. ಗರಸು, ಜೇಡಿ ಮುಗಿದು ಹೆಬ್ಬಂಡೆ ಬರುವವರೆಗೆ ಕೇಸಿಂಗ್ ಬೇಕು. ಅದರ ಕೆಳಗೆ ಬಂಡೆ ತನ್ನ ಬಲದಲ್ಲೇ ನಿಲ್ಲುತ್ತದೆ.

ಹೆಬ್ಬಂಡೆಯನ್ನು ಒಡೆಯುವ ವಿದ್ಯೆ ಬೇರೆ. ಮೇಲಿನಿಂದ ಬಡಿದರೆ ಏಟಿನ ಬಲವೆಲ್ಲ ಉದ್ದನೆಯ ರಾಡಿನಲ್ಲೇ ಕರಗಿಹೋಗುತ್ತದೆ. 1950ರ ದಶಕದಲ್ಲಿ ಸುತ್ತಿಗೆಯನ್ನೇ ಕುಳಿಯ ತಳಕ್ಕೆ ಇಳಿಸುವ ಉಪಾಯ ಬಳಕೆಗೆ ಬಂತು. ಕಂಪ್ರೆಸರ್‌ನ ಗಾಳಿ ರಾಡಿನೊಳಗಿಂದ ಇಳಿದು ಹ್ಯಾಮರ್ ಒಳಗಿನ ಪಿಸ್ಟನ್ನನ್ನು ಕುಟ್ಟಿಸುತ್ತದೆ. ಪಿಸ್ಟನ್ ಗಟ್ಟಿ ಲೋಹದ ಗುಂಡಿಗಳಿರುವ ಬಿಟ್ಟಿನ ಮೇಲೆ ಬೀಳುತ್ತದೆ. ಕೆಲಸ ಮುಗಿಸಿದ ಅದೇ ಗಾಳಿ ಕಲ್ಲಿನ ಪುಡಿಯನ್ನು ಹೊತ್ತು ಮೇಲಕ್ಕೆ ಬರುತ್ತದೆ. 1966–67ರ ಬರದ ಕಾಲದಲ್ಲಿ ಯುನಿಸೆಫ್ ಇಂಥ ರಿಗ್‌ಗಳನ್ನು ಭಾರತದ ಬಂಡೆಗಲ್ಲಿನ ಪ್ರದೇಶಗಳಿಗೆ ತರಿಸಿತು. ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಒಂದೆರಡು ದಿನಕ್ಕೆ ಇಳಿಯಿತು. 1980ರ ದಶಕದಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರದ ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್ ಹಳ್ಳಿಹಳ್ಳಿಗೆ ಬೋರ್ ಮತ್ತು ಕೈಪಂಪು ಮುಟ್ಟಿಸಿದ್ದು ಈ ಯಂತ್ರದ ಬಲದಿಂದಲೇ. ಜನ ಅವರನ್ನು ನೀರ್ ಸಾಬ್ ಎಂದು ಕರೆದರು. ಆ ಹೆಸರು ಇವತ್ತಿಗೂ ಉಳಿದಿದೆ.

ಆಮೇಲೆ ತಮಿಳುನಾಡಿನ ತಿರುಚೆಂಗೋಡು ಈ ಉದ್ಯಮದ ತವರಾಯಿತು. ಅಲ್ಲಿನ ರಿಗ್ ಲಾರಿಗಳು ದೇಶದುದ್ದಕ್ಕೂ ಓಡಾಡುತ್ತವೆ; ಚಿತ್ರದುರ್ಗ ಜಿಲ್ಲೆಯ ಹೊಲಗಳಲ್ಲಿ ರಾಡ್ ಬದಲಿಸುವ ಹುಡುಗರ ಬಾಯಲ್ಲೂ ತಮಿಳು ಕೇಳುತ್ತದೆ. ಯಂತ್ರಗಳು ದೊಡ್ಡವಾದವು, ಕಂಪ್ರೆಸರ್ ಬಲ ಹೆಚ್ಚಿತು, 600 ಅಡಿ ಒಂದು ರಾತ್ರಿಯ ಕೆಲಸವಾಯಿತು. ರಿಗ್‌ಗಳವರ ನಡುವೆ ಪೈಪೋಟಿ ಇರುವುದರಿಂದ ಅಡಿಯ ದರದಲ್ಲಿ ಅತಿ ಲಾಭದ ಜಾಗವೂ ಉಳಿದಿಲ್ಲ. ಆ ದರದ ದೊಡ್ಡ ಪಾಲು ಡೀಸೆಲ್‌ನದು, ಅದರಲ್ಲೂ ಕಂಪ್ರೆಸರ್ ಕುಡಿಯುವ ಡೀಸೆಲ್‌ನದು. ಆಳ ಹೋದಂತೆ ಪುಡಿಯನ್ನು ಅಷ್ಟು ದೂರ ಎತ್ತಬೇಕು, ರಾಡ್‌ಗಳನ್ನು ಇಳಿಸಿ ಎತ್ತಲು ಹೊತ್ತು ಹೆಚ್ಚು ಬೇಕು, ಹ್ಯಾಮರ್ ಮತ್ತು ಬಿಟ್ ಸವೆಯುತ್ತವೆ. ಅದಕ್ಕೇ 300 ಅಡಿ ದಾಟಿದ ಮೇಲೆ ದರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಕಡೆಯ ನೂರು ಅಡಿ ಯಾವಾಗಲೂ ಮೊದಲ ನೂರು ಅಡಿಗಿಂತ ದುಬಾರಿ. ಅದೇ ಕಡೆಯ ನೂರು ಅಡಿಯ ಬಗ್ಗೆಯೇ ನಡುರಾತ್ರಿಯಲ್ಲಿ ತೀರ್ಮಾನ ಆಗಬೇಕು.

ಒಂದು ಸುಲಭದ ಲೆಕ್ಕ ಹಾಕಿ ನೋಡಬಹುದು. ದರ ಏರುವುದನ್ನು ಬಿಟ್ಟು, ಲೆಕ್ಕಕ್ಕೆಂದು ಅಡಿಗೆ 100 ರೂಪಾಯಿ ಇಟ್ಟುಕೊಳ್ಳೋಣ. ಒಬ್ಬ ರೈತ ಮೂರು ಬೋರ್ 800 ಅಡಿಯಂತೆ ಕೊರೆಸಿ ಮೂರೂ ಫೇಲ್ ಆಗಿ, ನಾಲ್ಕನೆಯದರಲ್ಲಿ 600 ಅಡಿಗೆ ನೀರು ಕಂಡ ಎನ್ನೋಣ. ಒಟ್ಟು 3,000 ಅಡಿ, 3 ಲಕ್ಷ ರೂಪಾಯಿ. ಅವನು ಚೌಕಾಸಿ ಮಾಡಿ ದರದಲ್ಲಿ ನೂರಕ್ಕೆ ಹತ್ತು ಇಳಿಸಿದ್ದರೆ ಉಳಿಯುತ್ತಿದ್ದುದು 30,000. ಮೂರು ಫೇಲ್ ಬೋರ್‌ಗಳಲ್ಲಿ ಒಂದನ್ನು ಕೊರೆಯದೆ ತಪ್ಪಿಸಿದ್ದರೆ 80,000. ಮೂರನ್ನೂ 400 ಅಡಿಗೇ ನಿಲ್ಲಿಸಿದ್ದರೆ 1 ಲಕ್ಷ 20 ಸಾವಿರ. ಇದಕ್ಕೆ ಕೇಸಿಂಗ್, ಮೋಟಾರು, ಕೇಬಲ್, ಆಳಕ್ಕೆ ತಕ್ಕ ಪೈಪು ಸೇರಿಸಿದರೆ ಅಂತರ ಇನ್ನೂ ಹಿಗ್ಗುತ್ತದೆ. ಉಳಿತಾಯ ಇರುವುದು ಕೊರೆಯದೆ ಬಿಟ್ಟ ಅಡಿಗಳಲ್ಲಿ.

ತೈಲದವರು ಕಲಿತದ್ದೂ ಇದನ್ನೇ. ಒಣಬಾವಿಯ ನಷ್ಟವನ್ನು ತಾಳಲಾರದೆ ಅವರು ಕೊರೆಯುವ ಮುಂಚೆ ನೆಲದೊಳಗನ್ನು ನೋಡುವ ವಿದ್ಯೆಗೆ ಹಣ ಹಾಕಿದರು. ಆ ವಿದ್ಯೆಯ ಒಂದು ಕವಲು ಇವತ್ತು ಹೊಸದುರ್ಗದ ಹೊಲಕ್ಕೂ ಬರುತ್ತದೆ. ಪಾಯಿಂಟ್ ಹಾಕಲು ಬರುವ ಭೂವಿಜ್ಞಾನಿ ನೆಲಕ್ಕೆ ನಾಲ್ಕು ಗೂಟ ಬಡಿದು, ತಂತಿ ಎಳೆದು, ಹೊರಗಿನ ಎರಡರಿಂದ ವಿದ್ಯುತ್ ಹರಿಸಿ ಒಳಗಿನ ಎರಡರಲ್ಲಿ ಅಳೆಯುತ್ತಾನಲ್ಲ, ಆ ಗೂಟಗಳ ಜೋಡಣೆಯನ್ನು ಷ್ಲುಂಬರ್ಜೆ ವಿನ್ಯಾಸ ಎನ್ನುತ್ತಾರೆ. ಫ್ರಾನ್ಸಿನ ಕಾನ್ರಾಡ್ ಷ್ಲುಂಬರ್ಜೆ 1912ರಲ್ಲಿ ಇಂಥ ಪ್ರಯೋಗ ಶುರು ಮಾಡಿದ. 1927ರಲ್ಲಿ ಅವನೂ ಅವನ ತಮ್ಮ ಮಾರ್ಸೆಲ್‌ನೂ ಕಟ್ಟಿದ ಕಂಪನಿಯವರು ಪೆಷೆಲ್‌ಬ್ರಾನ್ ಎಂಬಲ್ಲಿ ತೈಲಬಾವಿಯೊಳಕ್ಕೇ ಉಪಕರಣ ಇಳಿಸಿ, ಬಂಡೆಯ ವಿದ್ಯುತ್ ಗುಣವನ್ನು ಅಡಿಯಡಿಗೂ ಬರೆದುಕೊಂಡರು. ಒಣ ಹೆಬ್ಬಂಡೆ ವಿದ್ಯುತ್ತನ್ನು ತಡೆಯುತ್ತದೆ. ನೀರು ತುಂಬಿದ ಬಿರುಕು ಬಿಟ್ಟುಕೊಡುತ್ತದೆ. ಆ ವ್ಯತ್ಯಾಸವೇ ಸುಳಿವು.

ಈ ಅಳತೆಗೂ ಮಿತಿ ಇದೆ, ಅದನ್ನು ಮುಚ್ಚಿಡಬಾರದು. ನೀರು ಬಿಡದ ಜೇಡಿಯೂ ವಿದ್ಯುತ್ತನ್ನು ಬಿಟ್ಟುಕೊಡುತ್ತದೆ. ಆಳದಲ್ಲಿರುವ ಬೆರಳುದಪ್ಪದ ಬಿರುಕು ಮೇಲಿನ ಅಳತೆಗೆ ಕಾಣದೇ ಹೋಗಬಹುದು. ಆದರೂ ಗರಸು ಎಷ್ಟು ಆಳ, ಹೆಬ್ಬಂಡೆ ಎಲ್ಲಿ ಶುರು, ಯಾವ ಜಾಗವನ್ನು ಮುಟ್ಟಲೇಬಾರದು ಎಂಬುದನ್ನು ಅದು ಸಾಕಷ್ಟು ಚೆನ್ನಾಗಿ ಹೇಳುತ್ತದೆ. ಅಂಗೈಯಲ್ಲಿ ತೆಂಗಿನಕಾಯಿ ಎದ್ದು ನಿಲ್ಲುವುದನ್ನೋ ಬೇವಿನ ಕವಲುಕಡ್ಡಿ ಬಾಗುವುದನ್ನೋ ನಂಬಿ ಪಾಯಿಂಟ್ ಹಾಕಿಸುವವರು ಜಿಲ್ಲೆಯ ಎಲ್ಲ ಕಡೆ ಇದ್ದಾರೆ. ಜರ್ಮನಿಯ ಮ್ಯೂನಿಕ್ ಬಳಿ 1987–88ರಲ್ಲಿ ಇಂಥ ಕಡ್ಡಿ ಹಿಡಿಯುವವರನ್ನು ದೊಡ್ಡ ಮಟ್ಟದಲ್ಲಿ ಪರೀಕ್ಷಿಸಲಾಯಿತು. ಸುಮಾರು 500 ಮಂದಿಯಲ್ಲಿ ಆರಿಸಿದ 43 ಜನ, ಕೊಟ್ಟಿಗೆಯ ಮಹಡಿಯ ಮೇಲೆ ನಿಂತು ಕೆಳಗಿನ ಪೈಪು ಎಲ್ಲಿದೆ ಎಂದು ಹೇಳಬೇಕಿತ್ತು. ಪರೀಕ್ಷೆ ನಡೆಸಿದವರು ಕೆಲವರಲ್ಲಿ ಶಕ್ತಿ ಇದೆ ಎಂದರು. ಅಂಕಿಗಳನ್ನು ಮತ್ತೆ ಜಾಲಾಡಿದ ವಿಜ್ಞಾನಿ ಜಿಮ್ ಎನ್‌ರೈಟ್, ಕಣ್ಣುಮುಚ್ಚಿ ಊಹಿಸಿದರೂ ಹೀಗೇ ಬರುತ್ತಿತ್ತು ಎಂದು ತೋರಿಸಿದ. ಮಕ್ಕಳ ಓದಿಗೆಂದು ಇಟ್ಟ ದುಡ್ಡನ್ನು ಊಹೆಯ ಮೇಲೆ ಪಣಕ್ಕಿಡುವ ಸ್ಥಿತಿ ಯಾವ ರೈತನಿಗೂ ಬರಬಾರದು.

ಹಾಗಾದರೆ ನೀರು ಎಲ್ಲಿರುತ್ತದೆ? ಗಟ್ಟಿ ಕಲ್ಲಿನ ನೆಲದಲ್ಲಿ ಭೂಮಿಯೊಳಗೆ ನದಿ ಹರಿಯುವುದಿಲ್ಲ. ಮೇಲ್ಗಡೆ ಶಿಥಿಲಗೊಂಡ ಗರಸಿನ ಪದರ ಸ್ಪಂಜಿನಂತೆ ಮಳೆನೀರನ್ನು ಹಿಡಿದಿಡುತ್ತದೆ. ಅದರ ಕೆಳಗೆ ಬಂಡೆಯ ಬಿರುಕುಗಳು ಆ ನೀರನ್ನು ಸಾಗಿಸುತ್ತವೆ. ಹಳಬರು ಸೆಲೆ ಎಂದದ್ದು ಈ ಬಿರುಕನ್ನೇ. ಬಿರುಕುಗಳು ದಟ್ಟವಾಗಿರುವುದು ಸಾಮಾನ್ಯವಾಗಿ ಮೇಲಿನ 300 ಅಡಿಯಲ್ಲಿ. ಆಳಕ್ಕೆ ಇಳಿದಂತೆ ಮೇಲಿನ ಬಂಡೆಯ ಭಾರಕ್ಕೆ ಅವು ಬಿಗಿಯುತ್ತವೆ, ವಿರಳವಾಗುತ್ತವೆ. 700, 800 ಅಡಿಯಲ್ಲಿ ನೀರು ಸಿಕ್ಕ ಉದಾಹರಣೆ ಇಲ್ಲದಿಲ್ಲ. ಅದು ಸಿಗುವ ಸಂಭವ ಕಡಿಮೆ, ಸಿಕ್ಕರೂ ಮಳೆ ಅಲ್ಲಿಗೆ ತಲುಪಲು ಬಹಳ ಕಾಲ ಬೇಕು. ಕಲ್ಲಿನ ಸಹವಾಸದಲ್ಲಿ ಹೆಚ್ಚು ಕಾಲ ನಿಂತ ನೀರಿಗೆ ಫ್ಲೋರೈಡ್ ಸೇರುವ ಭಯವೂ ಇದೆ. ಈ ಜಿಲ್ಲೆಯ ಹಲವು ಹಳ್ಳಿಗಳು ಅದನ್ನು ಉಂಡಿವೆ.

ಜಿಲ್ಲೆಯ ನೆಲವೆಲ್ಲ ಒಂದೇ ತೆರನಲ್ಲ. ಗದಗದ ಕಡೆಯಿಂದ ಇಳಿದುಬರುವ ಪದರುಗಲ್ಲಿನ ಪಟ್ಟಿ, ಅಂದರೆ ಭೂವಿಜ್ಞಾನದಲ್ಲಿ ಚಿತ್ರದುರ್ಗ ಶಿಸ್ಟ್ ಪಟ್ಟಿ ಎಂದು ಹೆಸರಾದದ್ದು, ಈ ಜಿಲ್ಲೆಯನ್ನು ಹಾದು ದಕ್ಷಿಣಕ್ಕೆ ಹೋಗುತ್ತದೆ. ಅದರ ಅಕ್ಕಪಕ್ಕ ಪಟ್ಟೆಪಟ್ಟೆಯ ನೈಸ್ ಕಲ್ಲು, ಅಲ್ಲಲ್ಲಿ ಚಿತ್ರದುರ್ಗದ ಕೋಟೆಬೆಟ್ಟದಂಥ ಗ್ರಾನೈಟ್. ಪದರುಗಲ್ಲು ಶಿಥಿಲವಾದರೆ ಜೇಡಿಯಾಗಿ ನೀರನ್ನು ಹಿಡಿದು ಬಿಡದೆ ಕೂರುವುದುಂಟು. ನೈಸ್ ಶಿಥಿಲವಾದರೆ ಮರಳುಮರಳಾಗಿ ನೀರು ಬಿಡುತ್ತದೆ. ಬಿರುಕುಬಿಟ್ಟ ಬೆಣಚುಕಲ್ಲಿನ ಎಳೆ ಒಳ್ಳೆಯ ಸೆಲೆಯ ದಾರಿ. ನೆಲದೊಳಗೆ ಗೋಡೆಯಂತೆ ನಿಂತ ಕರಿಕಲ್ಲು ನೀರಿಗೆ ಅಡ್ಡಗಟ್ಟುತ್ತದೆ; ಗೋಡೆಯ ಮೇಲ್ಬದಿಯ ಹೊಲದಲ್ಲಿ ನೀರು, ಕೆಳಬದಿಯ ಹೊಲದಲ್ಲಿ ಬರೀ ಧೂಳು. ಬದುವಿನ ಆಚೆಯವನಿಗೆ ನೀರು ಸಿಕ್ಕಿ ತನಗೆ ಸಿಗದಿದ್ದಾಗ ಹಣೆಬರಹ ಹಳಿಯುವ ರೈತನ ನೋವಿಗೆ ಕಾರಣ ಹೆಚ್ಚಾಗಿ ಇಂಥದ್ದೇ ಯಾವುದೋ ಕಲ್ಲು.

ಈ ಒಳನಕ್ಷೆಯನ್ನು ಆಕಾಶದಿಂದಲೇ ತೆಗೆಯಬಹುದು ಎಂದು ತೋರಿಸಿದ ಕೆಲಸ ದೂರದಲ್ಲೇನೂ ನಡೆದಿಲ್ಲ. 2010ರ ದಶಕದ ಆರಂಭದಲ್ಲಿ ಕೇಂದ್ರ ಅಂತರ್ಜಲ ಮಂಡಳಿಗಾಗಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ದೇಶದ ಆರು ಕಡೆ ಪ್ರಾಯೋಗಿಕ ನಕ್ಷೆ ಮಾಡಿತು. ಅದರಲ್ಲೊಂದು ಪಕ್ಕದ ತುಮಕೂರು ಜಿಲ್ಲೆಯ ಅಂಕಸಂದ್ರ ಜಲಾನಯನ. ಹೆಲಿಕಾಪ್ಟರಿಗೆ ದೊಡ್ಡ ಬಳೆಯಂಥ ತಂತಿಯ ಸುರುಳಿ ತೂಗುಹಾಕಿ, ನೆಲದ ಮೇಲೆ ಹಾರಿಸಿ, ಬಂಡೆಯ ಒಳರಚನೆಯನ್ನು ಓದಿದರು. ಇಂಥ ನಕ್ಷೆಯ ಖರ್ಚು ಒಬ್ಬ ರೈತನಿಗೆ ಹೊರಲಾಗದ್ದು. ಒಂದು ಹೋಬಳಿಯ ಎಲ್ಲ ಫೇಲ್ ಬೋರ್‌ಗಳಿಗೆ ಜನ ಕಳೆದುಕೊಂಡ ಹಣದ ಎದುರಿಟ್ಟು ಅದನ್ನು ಅಳೆದರೆ ಸರ್ಕಾರಕ್ಕೆ ಅದು ಭಾರವಾಗಿ ಕಾಣಬಾರದು.

ನೀರು ಸಿಕ್ಕ ಮೇಲೂ ಲೆಕ್ಕ ತಪ್ಪುವ ಒಂದು ಜಾಗವಿದೆ. “ಎರಡಿಂಚು ನೀರು ಬಿತ್ತು”, “ಮೂರಿಂಚು ಬಿತ್ತು” ಎನ್ನುತ್ತಾರೆ. ಹರಿದುಬರುವ ನೀರಿಗೆ ಇಂಗ್ಲಿಷಿನ ವಿ ಆಕಾರದಲ್ಲಿ ಕಚ್ಚು ಮಾಡಿದ ತಗಡನ್ನು ಅಡ್ಡ ಇಟ್ಟು ಎತ್ತರ ನೋಡುವ ಅಳತೆ ಅದು. 90 ಡಿಗ್ರಿಯ ಕಚ್ಚಿನಲ್ಲಿ 1 ಇಂಚು ಎಂದರೆ ಗಂಟೆಗೆ ಸುಮಾರು 500 ಲೀಟರ್. 2 ಇಂಚು ಎಂದರೆ ಸಾವಿರವಲ್ಲ, ಸುಮಾರು 2,900 ಲೀಟರ್. 3 ಇಂಚು ಎಂದರೆ ಸುಮಾರು 8,000. ಕಚ್ಚಿನಲ್ಲಿ ನೀರು ಏರಿದಂತೆ ಅಗಲವೂ ಹೆಚ್ಚುವುದರಿಂದ ಅರ್ಧ ಇಂಚಿನ ಅಂತರ ಬಹಳ ದೊಡ್ಡದು. ಒಂದು ಅಡಿಕೆ ಮರಕ್ಕೆ ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಸಾಕು ಎನ್ನುವುದು ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು. ಎಕರೆಗೆ 500 ಮರ ಎಂದರೆ ದಿನಕ್ಕೆ 10,000 ಲೀಟರ್. ಎರಡಿಂಚಿನ ಬೋರ್ ಮೂರೂವರೆ ಗಂಟೆ ಓಡಿದರೆ ಒಂದೆಕರೆ ತೋಟ ಬದುಕುತ್ತದೆ. ಅದೇ ಬೋರಿನ ನೀರನ್ನು ಕಾಲುವೆಯಲ್ಲಿ ಹರಿಸಿದರೆ ಸಾಲದೇ ಬಂದು, ಇನ್ನೊಂದು ಬೋರ್ ಬೇಕೆನಿಸುತ್ತದೆ. ಹೊಳಲ್ಕೆರೆ, ಹೊಸದುರ್ಗ, ಭೀಮಸಮುದ್ರದ ಅಡಿಕೆ ಸೀಮೆಯಲ್ಲಿ ಎಷ್ಟೋ ಎರಡನೇ ಬೋರ್‌ಗಳ ಬೀಜ ಇರುವುದು ಕಾಲುವೆಯಲ್ಲಿ. ಕೊರೆಯುವ ರಾತ್ರಿ ಚಿಮ್ಮಿದ ನೀರು ಬೇಸಿಗೆಯವರೆಗೂ ಹಾಗೇ ಇರುತ್ತದೆ ಎಂದುಕೊಳ್ಳುವಂತೆಯೂ ಇಲ್ಲ. ಕೆಲವು ಗಂಟೆ ಸತತವಾಗಿ ಎತ್ತಿ ನೀರಿನ ಮಟ್ಟ ಎಲ್ಲಿ ನಿಲ್ಲುತ್ತದೆ ಎಂದು ನೋಡಿದ ಮೇಲೆ ಮೋಟಾರು ಕೊಂಡರೆ, ಅಗತ್ಯಕ್ಕಿಂತ ದೊಡ್ಡ ಮೋಟಾರಿನ ದುಡ್ಡು ಉಳಿಯುತ್ತದೆ.

ಒಬ್ಬನ ಹೊಲದ ಲೆಕ್ಕ ಊರಿನ ಲೆಕ್ಕದ ಜೊತೆ ಸೇರಿದಾಗ ಕಥೆ ಗಂಭೀರವಾಗುತ್ತದೆ. 1930ರ ಅಕ್ಟೋಬರ್‌ನಲ್ಲಿ ಅಮೆರಿಕದ ಪೂರ್ವ ಟೆಕ್ಸಾಸ್‌ನಲ್ಲಿ ಭಾರಿ ತೈಲಕ್ಷೇತ್ರ ಸಿಕ್ಕಿತು. ತನ್ನ ನೆಲದಿಂದ ಎತ್ತಿದ್ದೆಲ್ಲ ತನ್ನದು ಎನ್ನುವುದು ಅಲ್ಲಿನ ಕಾನೂನು. ತಾನು ಎತ್ತದಿದ್ದರೆ ಪಕ್ಕದವನು ಎತ್ತುತ್ತಾನೆ ಎಂಬ ಭಯಕ್ಕೆ ಎಲ್ಲರೂ ಕೊರೆದರು. ಕಿಲ್ಗೋರ್ ಎಂಬ ಊರಿನ ನಡುವೆ ಹೆಚ್ಚುಕಡಿಮೆ ಒಂದೆಕರೆ ಜಾಗದಲ್ಲೇ 24 ತೈಲಬಾವಿಗಳು ಎದ್ದವು. ನೆಲದೊಳಗಿನ ಒತ್ತಡ ಕುಸಿಯಿತು, ತೈಲದ ಬೆಲೆ ನೆಲಕಚ್ಚಿತು. 1931ರ ಆಗಸ್ಟ್‌ನಲ್ಲಿ ಗವರ್ನರ್ ರಾಸ್ ಸ್ಟರ್ಲಿಂಗ್ ಸೈನಿಕರನ್ನು ಕಳಿಸಿ ಬಾವಿಗಳನ್ನು ನಿಲ್ಲಿಸಬೇಕಾಯಿತು. ಬಾವಿ ಬಾವಿಗೆ ಅಂತರ, ಎತ್ತುವುದಕ್ಕೆ ಮಿತಿ ಎನ್ನುವ ಕಟ್ಟುಪಾಡು ಗಟ್ಟಿಯಾದದ್ದು ಆಮೇಲೆ.

ಅಂತರ್ಜಲದ ವಿಷಯದಲ್ಲಿ 1882ರ ಭಾರತೀಯ ಅನುಭೋಗ ಹಕ್ಕು ಕಾಯ್ದೆಯ ಕಾಲದಿಂದಲೂ ನಮ್ಮಲ್ಲಿ ಇರುವುದು ಅಂಥದ್ದೇ ನಂಬಿಕೆ: ನನ್ನ ನೆಲದ ಕೆಳಗಿನ ನೀರು ನನ್ನದು. ಬಿರುಕಿಗೆ ಸರ್ವೆ ನಂಬರ್ ತಿಳಿಯದು. 400 ಅಡಿಯ ಬೋರಿನ ಪಕ್ಕ 800 ಅಡಿಯ ಬೋರ್ ಬಂದರೆ ಮೊದಲನೆಯದು ಬತ್ತುತ್ತದೆ, ಅದರ ಯಜಮಾನ 1,000 ಅಡಿಗೆ ಹೋಗುತ್ತಾನೆ. ಊರಿನ ನೀರು ಅಷ್ಟೇ ಇದೆ, ಊರಿನ ಸಾಲ ಮಾತ್ರ ಏರಿದೆ. ಅತಿಬಳಕೆಯಾದ ತಾಲ್ಲೂಕುಗಳ ಪಟ್ಟಿಯಲ್ಲಿ ಈ ಜಿಲ್ಲೆಯ ಹೆಸರು ಮತ್ತೆ ಮತ್ತೆ ಕಾಣುವುದು ಇದರಿಂದಲೇ. ಕರ್ನಾಟಕದ 1999ರ ಕಾಯ್ದೆ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಕೊರೆಯಬಾರದು ಎನ್ನುತ್ತದೆ. 2011ರ ಕಾಯ್ದೆ ರಿಗ್‌ಗಳ ನೋಂದಣಿ ಕೇಳುತ್ತದೆ. ಹೊಲ ಹೊಲದ ನಡುವಿನ ಒಪ್ಪಂದವನ್ನು ಕಾಯ್ದೆಯಿಂದ ಹುಟ್ಟಿಸುವುದು ಕಷ್ಟ; ಅದನ್ನು ಜನ ಮಾಡಿಕೊಳ್ಳಬೇಕು.

ಮಾಡಿಕೊಂಡ ಜನ ಗಡಿಯಾಚೆ ಇದ್ದಾರೆ. ಅನಂತಪುರ, ಕರ್ನೂಲು ಸೇರಿ ಆಗಿನ ಆಂಧ್ರಪ್ರದೇಶದ ಏಳು ಜಿಲ್ಲೆಗಳಲ್ಲಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ 2000ದ ದಶಕದಲ್ಲಿ ರೈತರೇ ನಡೆಸಿದ ಅಂತರ್ಜಲ ಯೋಜನೆಯೊಂದಿತ್ತು. ಓದುಬರಹ ಕಡಿಮೆ ಇದ್ದ ರೈತ ಗಂಡಸರು, ಹೆಂಗಸರು ತಮ್ಮೂರಿನ ಮಳೆಯನ್ನು ತಾವೇ ಅಳೆದರು, ಬೋರ್‌ಗಳ ನೀರಿನ ಮಟ್ಟವನ್ನು ತಾವೇ ಬರೆದಿಟ್ಟರು. ಹಿಂಗಾರಿಗೆ ಮೊದಲು ಊರ ಮುಂದೆ ಕೂತು, ಇರುವ ನೀರಿಗೆ ಯಾವ ಬೆಳೆ ಎಷ್ಟು ಎಕರೆ ಎಂದು ಲೆಕ್ಕ ಹಾಕಿದರು. ಯಾರಿಗೂ ಯಾರೂ ದಂಡ ಹಾಕಲಿಲ್ಲ. ಗೋಡೆಯ ಮೇಲೆ ಬರೆದ ಅಂಕಿಗಳನ್ನು ನೋಡಿ ಭತ್ತ ಬಿಟ್ಟು ಬೇರೆ ಬೆಳೆಗೆ ಹೊರಳಿದವರು ಬಹಳ. 2019ರ ಡಿಸೆಂಬರ್‌ನಲ್ಲಿ ಶುರುವಾದ ಅಟಲ್ ಭೂಜಲ ಯೋಜನೆ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಪಂಚಾಯಿತಿ ಮಟ್ಟದ ನೀರಿನ ಬಜೆಟ್ ಎಂಬ ಮಾತನ್ನು ತಂದದ್ದು ಇಂಥ ಅನುಭವದ ಬೆನ್ನಲ್ಲೇ.

ಎತ್ತುವುದರ ಜೊತೆಗೆ ತುಂಬುವುದೂ ಇದೆ. ಚಿತ್ರದುರ್ಗದವರೇ ಆದ ಭೂಜಲ ವಿಜ್ಞಾನಿ ಎನ್.ಜೆ. ದೇವರಾಜ ರೆಡ್ಡಿ ಬೋರ್‌ವೆಲ್ ಮರುಪೂರಣವನ್ನು ಹೊಲಹೊಲಕ್ಕೂ ಒಯ್ದವರಲ್ಲಿ ಪ್ರಮುಖರು. ವಿಧಾನ ಸರಳ. ಬೋರಿನ ಸುತ್ತ ಗುಂಡಿ ತೋಡಬೇಕು. ಗುಂಡಿಯೊಳಗೆ ಬರುವ ಕೇಸಿಂಗ್‌ಗೆ ಸಣ್ಣ ರಂಧ್ರ ಕೊರೆದು ಬಲೆ ಸುತ್ತಬೇಕು. ಕೆಳಗೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು ತುಂಬಬೇಕು. ಹೊಲದ ಮಳೆನೀರು ಮೊದಲು ಒಂದು ಹೊಂಡದಲ್ಲಿ ನಿಂತು ಹೂಳು ಇಳಿಸಿ ಆಮೇಲೆ ಇಲ್ಲಿಗೆ ಬರಬೇಕು. ಗೊಬ್ಬರ, ಔಷಧಿ ಬೆರೆತ ನೀರು, ಕೊಟ್ಟಿಗೆಯ ನೀರು ಇದರ ಹತ್ತಿರವೂ ಸುಳಿಯಬಾರದು. ಒಮ್ಮೆ ಸೆಲೆ ಕೆಟ್ಟರೆ ತೊಳೆಯಲು ಬರುವುದಿಲ್ಲ. ಹೊಸ ಬೋರಿನ ಖರ್ಚಿನ ಮುಂದೆ ಗುಂಡಿ, ಕಲ್ಲು, ಮರಳಿನ ಖರ್ಚು ಸಣ್ಣದು. 2014–15ರಲ್ಲಿ ರಾಜ್ಯ ಸರ್ಕಾರ ತಂದ ಕೃಷಿಭಾಗ್ಯದ ಹೊಂಡಗಳೂ ಬಳಕೆಯಲ್ಲಿದ್ದರೆ ಅದೇ ನೀರಿನಲ್ಲಿ ಒಂದೆರಡು ಸುತ್ತು ಹಾಯಿಸಬಹುದು.

ಸೆಲೆ ಇದ್ದೂ ಬತ್ತಿದ ಹಳೆಯ ಬೋರ್ ಮರುಪೂರಣಕ್ಕೆ ಯೋಗ್ಯ. ಏನೂ ಸೆಲೆ ಇಲ್ಲದ ಕುಳಿಯನ್ನು ಅದೇ ದಿನ ಮುಚ್ಚಬೇಕು. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ತೆರೆದ ಬೋರಿಗೆ ಬಿದ್ದ ಪುಟ್ಟ ಮಗುವನ್ನು ಸುಮಾರು 20 ಗಂಟೆಗಳ ಹೋರಾಟದ ನಂತರ ಜೀವಂತ ಹೊರತೆಗೆದಾಗ ನಾಡೇ ಉಸಿರುಬಿಟ್ಟಿತು. ಅದಕ್ಕೂ ಮೊದಲು ಬೇರೆ ಬೇರೆ ಊರುಗಳಲ್ಲಿ ಎಷ್ಟೋ ಮಕ್ಕಳು ಹಾಗೆ ಮರಳಿ ಬಂದಿಲ್ಲ. ಒಂದು ಮುಚ್ಚಳದ ದುಡ್ಡನ್ನು ಬೋರಿನ ಖರ್ಚಿನಲ್ಲೇ ಸೇರಿಸಿ, ಮುಚ್ಚಿದ ಮೇಲೆ ಮಾತ್ರ ಲಾರಿ ಹೊರಡುವಂತೆ ಮಾಡುವುದು ಅಸಾಧ್ಯದ ಮಾತಲ್ಲ.

ನೀರು ಕಟ್ಟುವ ಬುದ್ಧಿ ಈ ಸೀಮೆಗೆ ಹೊಸದಲ್ಲ. ದುರ್ಗದ ಕೋಟೆಯ ಬಂಡೆಗಳ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ, ಸಿಹಿನೀರು ಹೊಂಡ, ಸಂತೆಹೊಂಡ ಎಂದು ಮೆಟ್ಟಿಲಿಳಿದು ಊರಿಗೆ ಬರುತ್ತಿತ್ತು. ಹಿರಿಯೂರಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡವಾಗಿ ಕಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಹರಿದಿತ್ತು. ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ಮೇಲೆ, 2022ರ ಸೆಪ್ಟೆಂಬರ್‌ನಲ್ಲಿ. 2025ರ ಜನವರಿಯಲ್ಲಿ ಇನ್ನೊಮ್ಮೆ ತುಂಬಿತು. 130 ಅಡಿಯ ಆ ನೀರನ್ನು ನೋಡಲು ಜನ ಬುತ್ತಿ ಕಟ್ಟಿಕೊಂಡು ಹೋದರು. ಭದ್ರಾ ಮೇಲ್ದಂಡೆ ಯೋಜನೆಯ ನೀರು ಕೆರೆಗಳಿಗೆ ಬಂದರೆ ಸುತ್ತಲಿನ ಸೆಲೆಗಳಿಗೂ ಜೀವ ಬರುತ್ತದೆ. ಅದಕ್ಕೆ 2023ರ ಕೇಂದ್ರ ಬಜೆಟ್ಟಿನಲ್ಲಿ ಘೋಷಿಸಿದ 5,300 ಕೋಟಿ ರೂಪಾಯಿಯ ಬಗ್ಗೆ ಜಿಲ್ಲೆಯ ಜನ ಕೇಳುತ್ತಲೇ ಇರುವುದು ನ್ಯಾಯ.

ಕಾಲುವೆ ಬರುವವರೆಗೂ ಕಾಯದೆ ಮಾಡಬಹುದಾದ ಕೆಲಸವೊಂದಿದೆ. ಅದಕ್ಕೆ ಹೆಚ್ಚು ಹಣವೂ ಬೇಡ. ಒಂದು ತೈಲಬಾವಿ ಕೊರೆದರೆ ಅದರ ಪ್ರತಿ ಅಡಿಯ ವಿವರ, ಮೇಲೆ ಬಂದ ಕಲ್ಲಿನ ಪುಡಿಯ ಮಾದರಿ ಸಹಿತ, ದಾಖಲಾಗುತ್ತದೆ. ಬಾವಿ ಒಣಗಿದ್ದರೂ ಮಾಹಿತಿ ಒಣಗುವುದಿಲ್ಲ. ಮುಂದಿನ ಬಾವಿಗೆ ಅದು ದಾರಿ ತೋರಿಸುತ್ತದೆ. ಭಾರತದಲ್ಲೂ ತೈಲಕ್ಕೆಂದು 2017ರಿಂದ ರಾಷ್ಟ್ರೀಯ ದತ್ತಾಂಶ ಭಂಡಾರವಿದೆ. ಹೊಸದುರ್ಗದ ಹೊಲದಲ್ಲಿ ಕೊರೆದ ಬೋರಿನ ವಿವರ ಮಾತ್ರ ಬೆಳಿಗ್ಗೆ ಲಾರಿಯ ಜೊತೆಗೇ ಊರು ಬಿಡುತ್ತದೆ. ರಾಡಿಗೊಂದರಂತೆ ಬಣ್ಣ ಬದಲಿಸಿದ ಪುಡಿಯ ಗುಡ್ಡೆಯನ್ನು ಮಳೆ ತೊಳೆಯುತ್ತದೆ. ಆರು ತಿಂಗಳಲ್ಲಿ ಪಕ್ಕದ ಹೊಲದವನು ಅದೇ ಬಂಡೆಯನ್ನು ಅದೇ ದುಡ್ಡು ಕೊಟ್ಟು ಮತ್ತೆ ಕೊರೆಸುತ್ತಾನೆ.

ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಒಂದು ಬೋರ್ ಪುಸ್ತಕ ಇರಲಿ. ಗಂಗಾ ಕಲ್ಯಾಣ ಯೋಜನೆಯಲ್ಲಿ ಸರ್ಕಾರದ ಹಣದಿಂದ ಕೊರೆದ ಬೋರ್‌ಗಳಿಂದಲೇ ಶುರು ಮಾಡಬಹುದು. ಬಿಲ್ ಪಾಸಾಗಬೇಕಾದರೆ ವಿವರ ಬರೆದಿರಬೇಕು ಎಂದರೆ ಮುಗಿಯಿತು. ಪುಸ್ತಕದ ಒಂದು ಸಾಲಿನಲ್ಲಿ ಸರ್ವೆ ನಂಬರ್, ಕೊರೆದ ತಾರೀಖು, ಕೇಸಿಂಗ್ ಎಷ್ಟು ಅಡಿ, ಗರಸು ಎಲ್ಲಿ ಮುಗಿಯಿತು, ಬೆಣಚುಕಲ್ಲು ಎಲ್ಲಿ ಬಂತು, ಮೊದಲ ಸೆಲೆ ಎಷ್ಟು ಅಡಿಗೆ, ಎರಡನೆಯದು ಎಷ್ಟಕ್ಕೆ, ಕಚ್ಚಿನಲ್ಲಿ ಎಷ್ಟು ಇಂಚು, ಎಷ್ಟು ಅಡಿಗೆ ನಿಲ್ಲಿಸಿದರು. ನೀರು ಬೀಳದಿದ್ದರೆ ಅದನ್ನೂ ಬರೆಯಬೇಕು. ಆ ಸಾಲಿಗೆ ಬೆಲೆ ಹೆಚ್ಚು. ಹತ್ತು ವರ್ಷದಲ್ಲಿ ಒಂದು ಊರಿಗೆ ತನ್ನದೇ ನೆಲದ ಒಳನಕ್ಷೆ ಸಿಗುತ್ತದೆ. ಆಗ 600 ಅಡಿಯಲ್ಲಿ ಯಂತ್ರ ನಿಂತು, ಇನ್ನೂ ನೂರು ಅಡಿ ಬಿಡೋಣ್ವಾ ಎಂಬ ಪ್ರಶ್ನೆ ಬಂದಾಗ, ಸುತ್ತಲಿನ ಹನ್ನೆರಡು ಹೊಲಗಳಲ್ಲಿ 350ರ ಕೆಳಗೆ ಯಾರಿಗೂ ಸೆಲೆ ಸಿಕ್ಕಿಲ್ಲ ಎಂದು ಆ ಮನೆಯ ಮಗಳು ಪುಸ್ತಕ ನೋಡಿ ಹೇಳಬಹುದು. ಅಷ್ಟೇಕೆ, ಆ ಲಾರಿಯನ್ನು 350ಕ್ಕೇ ನಿಲ್ಲಿಸಬಹುದು.